ಅಪಾಯದ ಪಟ್ಟಿಯಲ್ಲಿ ಇಲ್ಲದ ಸರಕು: ಎಕ್ಸ್‌ಪ್ರೆಸ್ ಪರ್ಲ್ ಹಡಗು ದುರಂತದ ಒಂದು ಅಧ್ಯಯನ

2021ರ ಮೇ 20ರಂದು, ಕೊಲಂಬೊ ಬಂದರಿನ ವಾಯವ್ಯಕ್ಕೆ ಸುಮಾರು ಒಂಬತ್ತೂವರೆ ನಾಟಿಕಲ್ ಮೈಲು ದೂರದಲ್ಲಿ ಲಂಗರು ಹಾಕಿ ನಿಂತಿದ್ದ ಎಕ್ಸ್‌ಪ್ರೆಸ್ ಪರ್ಲ್ ಎಂಬ ಕಂಟೇನರ್ ಹಡಗಿನಲ್ಲಿ ಬೆಂಕಿ ಕಾಣಿಸಿಕೊಂಡಿತು. ಸಿಂಗಪುರದಲ್ಲಿ ನೋಂದಣಿಯಾಗಿದ್ದ ಈ ಹಡಗು ಚೀನಾದ ಕಟ್ಟೆಯಿಂದ ನೀರಿಗಿಳಿದು ಕೆಲವೇ ತಿಂಗಳಾಗಿತ್ತು. ಅದರ ಮೇಲೆ 1,486 ಕಂಟೇನರ್‌ಗಳಿದ್ದವು. ಅವುಗಳಲ್ಲಿ 81 ಕಂಟೇನರ್‌ಗಳ ಸರಕನ್ನು ಹಡಗಿನ ಕಾಗದಪತ್ರಗಳಲ್ಲಿ ಅಪಾಯಕಾರಿ ಎಂದು ಗುರುತಿಸಲಾಗಿತ್ತು. ನೈಟ್ರಿಕ್ ಆಮ್ಲ, ಕಾಸ್ಟಿಕ್ ಸೋಡಾ, ಮೆಥನಾಲ್ ಮೊದಲಾದವು ಆ ಪಟ್ಟಿಯಲ್ಲಿದ್ದವು. ಇನ್ನೊಂದು 87 ಕಂಟೇನರ್‌ಗಳಲ್ಲಿ ಚೀಲಗಳಲ್ಲಿ ತುಂಬಿಸಿದ ಪ್ಲಾಸ್ಟಿಕ್ ಕಾಳುಗಳಿದ್ದವು, ಅಂದರೆ ಪ್ಲಾಸ್ಟಿಕ್ ಸಾಮಾನು ತಯಾರಿಸುವ ಕಚ್ಚಾವಸ್ತು. ಅವುಗಳಿಗೆ ಆ ಪಟ್ಟಿಯಲ್ಲಿ ಸ್ಥಾನವಿರಲಿಲ್ಲ, ಏಕೆಂದರೆ ಅಂತರರಾಷ್ಟ್ರೀಯ ನಿಯಮಗಳ ದೃಷ್ಟಿಯಲ್ಲಿ ಅವು ಅಕ್ಕಿ, ಬಟ್ಟೆ, ಪೀಠೋಪಕರಣಗಳಂತೆಯೇ ಸಾಧಾರಣ ಸರಕು.

ಬೆಂಕಿ ಹುಟ್ಟಿದ್ದು ಮೊದಲನೆಯ ಪಟ್ಟಿಯ ಸರಕಿನಿಂದ, ಆದರೆ ಕರಾವಳಿಯ ಮೇಲೆ ಉಳಿದುಹೋದದ್ದು ಎರಡನೆಯದು. ವಿಶ್ವಸಂಸ್ಥೆಯ ಪರಿಸರ ತಜ್ಞರ ತಂಡವು ಆ ವರ್ಷ ನೀಡಿದ ವರದಿಯಲ್ಲಿ ಇದನ್ನು ದಾಖಲಾದ ಅತಿ ದೊಡ್ಡ ಏಕೈಕ ಪ್ಲಾಸ್ಟಿಕ್ ಸೋರಿಕೆ ಎಂದು ಕರೆಯಿತು. ಸಮುದ್ರಕ್ಕೆ ಸೇರಿದ ಪ್ಲಾಸ್ಟಿಕ್ ಕಾಳುಗಳ ತೂಕ ಸುಮಾರು 1,680 ಟನ್. ಕಾಗದದ ಮೇಲೆ ನಿರುಪದ್ರವಿ ಎನಿಸಿಕೊಂಡ ಒಂದು ವಸ್ತು ಹೇಗೆ ಇಡೀ ಪ್ರಕರಣದ ಅತಿ ದೀರ್ಘಾಯುಷಿ ಹಾನಿಯಾಯಿತು, ಮತ್ತು ಆ ಕಾಗದ ಇಂದಿಗೂ ಎಷ್ಟರ ಮಟ್ಟಿಗೆ ಬದಲಾಗಿದೆ ಎಂಬುದನ್ನು ಪರಿಶೀಲಿಸುವುದು ಈ ಬರಹದ ಉದ್ದೇಶ.

ಮೂರು ಬಂದರುಗಳ ಹಾದಿ

ಎಕ್ಸ್‌ಪ್ರೆಸ್ ಪರ್ಲ್ ಒಂದು ಫೀಡರ್ ಹಡಗು. ದೊಡ್ಡ ಬಂದರುಗಳಿಗೂ ಸಣ್ಣ ಬಂದರುಗಳಿಗೂ ನಡುವೆ ಸರಕು ಸಾಗಿಸುವುದು ಇಂಥ ಹಡಗುಗಳ ಕೆಲಸವಾದ್ದರಿಂದ, ಕೆಲವೇ ದಿನಗಳ ಅಂತರದಲ್ಲಿ ಅವು ಹಲವು ದೇಶಗಳ ಬಂದರು ಮುಟ್ಟುತ್ತವೆ. ದುಬೈನ ಜೆಬೆಲ್ ಅಲಿಯಲ್ಲಿ ಹತ್ತಿಸಿಕೊಂಡ ನೈಟ್ರಿಕ್ ಆಮ್ಲದ ಕಂಟೇನರ್ ಒಂದು ಸೋರುತ್ತಿರುವುದನ್ನು ಸಿಬ್ಬಂದಿ ಮೇ 11ರ ಹೊತ್ತಿಗೆ ಗಮನಿಸಿದ್ದರು. ಅದನ್ನು ಇಳಿಸಿಕೊಳ್ಳುವಂತೆ ಮೊದಲು ಕತಾರ್‌ನ ಹಮದ್ ಬಂದರನ್ನು, ಆಮೇಲೆ ಗುಜರಾತಿನ ಹಜೀರಾ ಬಂದರನ್ನು ಕೇಳಲಾಯಿತು. ಸೋರುವ ಆಮ್ಲವನ್ನು ನಿಭಾಯಿಸಲು ಬೇಕಾದ ಪರಿಣತರಾಗಲಿ ಸೌಕರ್ಯವಾಗಲಿ ತಕ್ಷಣಕ್ಕೆ ಲಭ್ಯವಿಲ್ಲವೆಂಬ ಉತ್ತರ ಎರಡೂ ಕಡೆಯಿಂದ ಬಂದಿತೆಂದು ಹಡಗಿನ ನಿರ್ವಾಹಕ ಸಂಸ್ಥೆಯಾದ ಎಕ್ಸ್‌ಪ್ರೆಸ್ ಫೀಡರ್ಸ್ ಹೇಳಿತು. ಮೇ 15ರಂದು ಹಜೀರಾದಿಂದ ಹೊರಟ ಹಡಗು, ಸೋರುವ ಕಂಟೇನರನ್ನು ಹೊತ್ತುಕೊಂಡೇ ಕೊಲಂಬೊ ಸೇರಿತು.

ನೈಟ್ರಿಕ್ ಆಮ್ಲವು ತಾನಾಗಿ ಉರಿಯುವುದಿಲ್ಲ. ಆದರೆ ಅದು ಪ್ರಬಲ ಆಕ್ಸಿಡೀಕಾರಕ. ಮರ, ಕಾಗದ, ಎಣ್ಣೆ ಮೊದಲಾದ ಸಾವಯವ ವಸ್ತುಗಳ ಮೇಲೆ ಬಿದ್ದಾಗ ಶಾಖವನ್ನು ಹೊರಹಾಕುತ್ತಾ ವರ್ತಿಸುತ್ತದೆ, ಲೋಹವನ್ನು ಕೊರೆಯುತ್ತದೆ. ಸೋರಿಕೆಯನ್ನು ಒಂಬತ್ತು ದಿನ ಹಾಗೆಯೇ ಬಿಟ್ಟು ಉಷ್ಣವಲಯದ ಸಮುದ್ರದಲ್ಲಿ ಪಯಣ ಮುಂದುವರಿಸುವುದು ಜೂಜಿಗೆ ಸಮಾನವೆಂಬುದು ತಿಳಿದವರಿಗೆ ತಿಳಿಯದ ವಿಷಯವಲ್ಲ. ಬಂದರುಗಳ ನಿರಾಕರಣೆಯನ್ನು ಮಾತ್ರ ದೂರುವುದು ಸುಲಭ, ಅದು ಅರ್ಧ ಸತ್ಯವೂ ಹೌದು. ಸಂಕಷ್ಟದಲ್ಲಿರುವ ಹಡಗಿಗೆ ಆಶ್ರಯ ಕೊಡುವ ಬಗ್ಗೆ ಅಂತರರಾಷ್ಟ್ರೀಯ ಸಮುದ್ರಯಾನ ಸಂಸ್ಥೆ, ಅಂದರೆ ಐಎಂಒ, 2003ರಷ್ಟು ಹಿಂದೆಯೇ ಮಾರ್ಗಸೂಚಿ ರೂಪಿಸಿದ್ದರೂ ಅದು ಯಾವ ಬಂದರನ್ನೂ ಕಟ್ಟಿಹಾಕುವುದಿಲ್ಲ. ತೊಂದರೆಯನ್ನು ಮುಂದಿನ ಬಂದರಿಗೆ ದಾಟಿಸುವವನಿಗೆ ಯಾವ ದಂಡವೂ ಇಲ್ಲ. ಒಳಗೆ ಬಿಟ್ಟುಕೊಂಡವನಿಗೆ ಮಾತ್ರ ಅಪಾಯ ಕಟ್ಟಿಟ್ಟದ್ದು. ಇನ್ನರ್ಧ ಸತ್ಯ ಹಡಗಿನ ಕಡೆಯದು. ಸೋರಿಕೆಯ ಗಂಭೀರತೆಯನ್ನು ಕೊಲಂಬೊ ಬಂದರಿಗೆ ಯಾರು, ಯಾವಾಗ, ಎಷ್ಟು ತಿಳಿಸಿದರು ಎಂಬ ಪ್ರಶ್ನೆ ನಂತರದ ಮೊಕದ್ದಮೆಗಳ ನಡುಗಂಬವಾಯಿತು.

ಮೇ 20ರಿಂದ ಜೂನ್ 17ರವರೆಗೆ

ಮೊದಲ ನಾಲ್ಕೈದು ದಿನ ಬೆಂಕಿ ಹತೋಟಿಗೆ ಬರುವಂತೆ ಕಾಣುತ್ತಿತ್ತು. ಮೇ 25ರ ಬೆಳಿಗ್ಗೆ ಸ್ಫೋಟ ಸಂಭವಿಸಿತು. ಹಡಗಿನಲ್ಲಿದ್ದ 25 ಮಂದಿಯನ್ನು ತೆರವುಗೊಳಿಸಲಾಯಿತು, ಇಬ್ಬರಿಗೆ ಗಾಯವಾಗಿತ್ತು. ನೈಋತ್ಯ ಮಾರುತದ ಗಾಳಿ ಆಗಲೇ ಬಲಗೊಂಡಿತ್ತು. ಕಂಟೇನರ್‌ಗಳು ಉರಿಯುತ್ತಾ ಸಮುದ್ರಕ್ಕೆ ಉರುಳಿದವು. ಶ್ರೀಲಂಕಾ ನೌಕಾಪಡೆ ಮತ್ತು ಗುತ್ತಿಗೆಯ ರಕ್ಷಣಾ ತಂಡಗಳ ಜೊತೆಗೆ ಭಾರತೀಯ ಕರಾವಳಿ ರಕ್ಷಣಾ ಪಡೆಯ ವೈಭವ್ ಮತ್ತು ವಜ್ರ ನೌಕೆಗಳೂ ಬೆಂಕಿ ಆರಿಸಲು ನೆರವಾದವು. ಜೂನ್ ಆರಂಭದಲ್ಲಿ ಬೆಂಕಿ ಬಹುಪಾಲು ಆರಿದ ಮೇಲೆ ಹಡಗನ್ನು ಆಳ ಸಮುದ್ರಕ್ಕೆ ಎಳೆದೊಯ್ಯುವ ಯತ್ನ ನಡೆಯಿತಾದರೂ, ನೀರು ತುಂಬಿದ್ದ ಹಿಂಭಾಗ ಸುಮಾರು 21 ಮೀಟರ್ ಆಳದ ಸಮುದ್ರತಳಕ್ಕೆ ತಾಗಿ ಹಡಗು ಅಲ್ಲಿಯೇ ಕಚ್ಚಿಕೊಂಡಿತು. ಜೂನ್ 17ರಂದು ಅದು ಪೂರ್ತಿ ಕುಸಿಯಿತು.

ಆ ದಿನಗಳ ಸುದ್ದಿಯಲ್ಲಿ ಎಲ್ಲರ ಗಮನ ಹಡಗಿನ ಟ್ಯಾಂಕುಗಳಲ್ಲಿದ್ದ ಸುಮಾರು 350 ಟನ್ ಇಂಧನ ತೈಲದ ಮೇಲಿತ್ತು. ತೈಲ ಕಾಣುತ್ತದೆ, ವಾಸನೆ ಬರುತ್ತದೆ, ಅದಕ್ಕೆ ತಡೆಬೇಲಿಗಳಿವೆ, ನಿಯಮಗಳಿವೆ, ಪರಿಹಾರ ಒಪ್ಪಂದಗಳಿವೆ. ಪ್ಲಾಸ್ಟಿಕ್ ಕಾಳಿಗೆ ಇವು ಯಾವುದೂ ಇರಲಿಲ್ಲ. ತೈಲದ ಮಹಾ ಸೋರಿಕೆ ಸಂಭವಿಸಲಿಲ್ಲ; ಆದರೆ ಹಡಗು ಮುಳುಗುವುದಕ್ಕೆ ಮೂರು ವಾರ ಮೊದಲೇ, ಸ್ಫೋಟವಾದ ಒಂದೆರಡು ದಿನಗಳಲ್ಲಿ, ನೆಗೊಂಬೊ ಮತ್ತು ಪಮುನುಗಮದ ದಡಗಳಲ್ಲಿ ಬಿಳಿಯ ಕಾಳುಗಳು ರಾಶಿ ಬಿದ್ದಿದ್ದವು.

ದಡಕ್ಕೆ ಬಂದದ್ದೇನು

ಸಾಬಕ್ಕಿಯ ಗಾತ್ರದ, ಎರಡರಿಂದ ಐದು ಮಿಲಿಮೀಟರ್ ಅಡ್ಡಳತೆಯ ಈ ಕಾಳುಗಳನ್ನು ಉದ್ಯಮದವರು ಗ್ರಾನ್ಯೂಲ್ಸ್ ಅಥವಾ ದಾಣಾ ಎನ್ನುತ್ತಾರೆ, ಪರಿಸರ ವಿಜ್ಞಾನಿಗಳು ನರ್ಡಲ್ ಎನ್ನುತ್ತಾರೆ. ಪೆಟ್ರೋಕೆಮಿಕಲ್ ಕಾರ್ಖಾನೆಯಲ್ಲಿ ತಯಾರಾದ ಪಾಲಿಥೀನ್, ಪಾಲಿಪ್ರೊಪಿಲೀನ್ ಮೊದಲಾದವು ಬಕೆಟ್ಟು, ಪೈಪು, ಚೀಲಗಳಾಗಿ ರೂಪ ತಾಳುವ ಮೊದಲು ಲೋಕವನ್ನು ಸುತ್ತುವುದು ಈ ರೂಪದಲ್ಲಿಯೇ. ಸಾಮಾನ್ಯವಾಗಿ ಒಡೆದು ಚೂರಾದ ಪ್ಲಾಸ್ಟಿಕ್ಕನ್ನು ನಾವು ಸೂಕ್ಷ್ಮ ಪ್ಲಾಸ್ಟಿಕ್ ಎಂದು ಭಾವಿಸುತ್ತೇವೆ. ನರ್ಡಲ್ ಮಾತ್ರ ಹುಟ್ಟುತ್ತಲೇ ಸೂಕ್ಷ್ಮ ಪ್ಲಾಸ್ಟಿಕ್. ಒಂದು ಕಾಳು ಸುಮಾರು 25 ಮಿಲಿಗ್ರಾಂ ತೂಗುತ್ತದೆಂದು ಇಟ್ಟುಕೊಂಡರೆ, 25 ಕಿಲೋದ ಒಂದು ಚೀಲದಲ್ಲಿ ಹತ್ತು ಲಕ್ಷ ಕಾಳುಗಳಾಗುತ್ತವೆ. 1,680 ಟನ್ ಎಂದರೆ ಅಂಥ 67,200 ಚೀಲ, ಅಂದರೆ ಸುಮಾರು 6,720 ಕೋಟಿ ಕಾಳುಗಳು. ತೂಕದಲ್ಲಿ ಇದು ಒಂದು ದೊಡ್ಡ ಹಡಗಿನ ಅಲ್ಪ ಭಾಗ. ಎಣಿಕೆಯಲ್ಲಿ ಹೆಕ್ಕಿ ಮುಗಿಸಲಾಗದ ಮೊತ್ತ.

ಪಾಲಿಥೀನಿನ ಸಾಂದ್ರತೆ ಸಮುದ್ರದ ನೀರಿಗಿಂತ ಕಡಿಮೆ. ಆದ್ದರಿಂದ ಕಾಳುಗಳು ಮೇಲ್ಮೈಯಲ್ಲಿ ತೇಲುತ್ತವೆ, ಗಾಳಿ ತಳ್ಳಿದತ್ತ ಸಾಗುತ್ತವೆ. ಮೇ ಕೊನೆಯ ಮಾರುತ ನೇರವಾಗಿ ಶ್ರೀಲಂಕಾದ ಪಶ್ಚಿಮ ದಡಕ್ಕೆ ಬೀಸುತ್ತಿದ್ದುದರಿಂದ ಮೊದಲ ಅಲೆಯ ಬಹುಭಾಗ ಕೊಲಂಬೊದ ಉತ್ತರದ ಕಿರಿದಾದ ಕರಾವಳಿಯಲ್ಲಿ ಬಂದು ಬಿತ್ತು. ಸರಕ್ಕುವ ದಡದ ಕೆಲವೆಡೆ ಕಾಳುಗಳ ಪದರ ಮಂಡಿಯವರೆಗೂ ಹೂತುಹೋಗುವಷ್ಟಿತ್ತು. ಉಳಿದದ್ದು ಪ್ರವಾಹಗಳ ಪಾಲಾಗಿ ದ್ವೀಪದ ಬೇರೆ ಬೇರೆ ದಡಗಳನ್ನು ತಲುಪಿತು.

ಆಗ ಶ್ರೀಲಂಕಾದಲ್ಲಿ ಕೋವಿಡ್ ಕಾರಣದಿಂದ ಸಂಚಾರ ನಿರ್ಬಂಧ ಜಾರಿಯಲ್ಲಿತ್ತು. ಸ್ವಯಂಸೇವಕರು ದಡಕ್ಕೆ ಬರುವಂತಿರಲಿಲ್ಲ. ರಕ್ಷಾಕವಚ ತೊಟ್ಟ ಸೈನಿಕರು, ನೌಕಾಪಡೆಯವರು, ಸಾಗರ ಪರಿಸರ ಸಂರಕ್ಷಣಾ ಪ್ರಾಧಿಕಾರದ ನೌಕರರು ಸಲಿಕೆ ಹಿಡಿದರು. ಇಲ್ಲಿ ಕೆಲಸದ ಸ್ವರೂಪವನ್ನೇ ಸ್ವಲ್ಪ ಗಮನಿಸಬೇಕು. ದಡದ ಮರಳಿನಿಂದ ಕಾಳನ್ನು ಬೇರ್ಪಡಿಸಲು ಎರಡು ದಾರಿಗಳಿವೆ. ಜರಡಿ ಹಿಡಿಯುವುದು ಒಂದು, ನೀರಿಗೆ ಹಾಕಿ ಮರಳು ಮುಳುಗಿದ ಮೇಲೆ ತೇಲಿದ್ದನ್ನು ತೆಗೆಯುವುದು ಇನ್ನೊಂದು. ಒಣ ಮರಳಿದ್ದಲ್ಲಿ ಜರಡಿ ಚೆನ್ನಾಗಿ ನಡೆಯುತ್ತದೆ, ಮಳೆಗಾಲದ ಒದ್ದೆ ಮರಳು ಜರಡಿಯನ್ನು ಕಟ್ಟಿಸಿಬಿಡುತ್ತದೆ. ಯಂತ್ರ ಇಳಿಸಿದರೆ ಕಾಳಿನ ಜೊತೆ ಮರಳೂ ಹೋಗಿ ದಡ ಸವೆಯುತ್ತದೆ, ಚಕ್ರದಡಿ ಸಿಕ್ಕ ಕಾಳು ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಒಂದು ಉಬ್ಬರ ಕಾಳನ್ನು ತಂದರೆ ಮುಂದಿನ ಉಬ್ಬರ ಅದರ ಮೇಲೆ ಮರಳು ಹೊದಿಸುತ್ತದೆ. ಆದ್ದರಿಂದ ಮೇಲ್ಪದರವನ್ನು ಗುಡಿಸಿದ ದಡ ಸ್ವಚ್ಛವಾಗಿ ಕಂಡರೂ ಕೆಳಗೆ ಪದರ ಪದರವಾಗಿ ಪ್ಲಾಸ್ಟಿಕ್ ಉಳಿದಿರುತ್ತದೆ. ಮಳೆಗಾಲದ ಅಲೆಗಳು ದಡವನ್ನು ಕೊರೆದಾಗ ಹೂತದ್ದು ಮತ್ತೆ ಹೊರಬರುತ್ತದೆ. ವರ್ಷಗಳು ಕಳೆದರೂ ಆ ದಡಗಳಲ್ಲಿ ಜರಡಿ ಹಿಡಿಯುವ ಕೆಲಸ ಮುಗಿಯಲಿಲ್ಲ. ಸಂಗ್ರಹಿಸಿದ್ದನ್ನು ಏನು ಮಾಡಬೇಕೆಂಬುದೂ ಬಗೆಹರಿಯದೆ, ಮರಳು ಬೆರೆತ ಚೀಲಗಳು ಪಮುನುಗಮದ ಗೋದಾಮಿನಲ್ಲಿ ಬೆಟ್ಟದಂತೆ ಬೆಳೆದವು.

ಸುಟ್ಟ ಪ್ಲಾಸ್ಟಿಕ್ಕಿನ ಸಮಸ್ಯೆ

ಇದಕ್ಕೆ ಮೊದಲೂ ನರ್ಡಲ್ ಸೋರಿಕೆಗಳಾಗಿದ್ದವು. 2012ರಲ್ಲಿ ವಿಸೆಂಟ್ ಚಂಡಮಾರುತಕ್ಕೆ ಸಿಕ್ಕ ಹಡಗಿನಿಂದ ಕಂಟೇನರ್‌ಗಳು ಬಿದ್ದು ಹಾಂಗ್‌ಕಾಂಗ್ ದಡಗಳು ತುಂಬಿದ್ದವು. 2017ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್ ಬಂದರಿನಲ್ಲಿ ಬಿರುಗಾಳಿಗೆ ಸುಮಾರು 49 ಟನ್ ಚೆಲ್ಲಿತ್ತು. ಕೊಲಂಬೊದ ಪ್ರಕರಣ ಅವುಗಳಿಂದ ಬೇರೆಯಾಗುವುದು ಗಾತ್ರದಲ್ಲಿ ಮಾತ್ರವಲ್ಲ, ಬೆಂಕಿಯಲ್ಲಿ. ಶ್ರೀಲಂಕಾದ ಸಾಗರ ಜೀವವಿಜ್ಞಾನಿ ಆಶಾ ಡಿ ವೋಸ್ ಮತ್ತು ಅಮೆರಿಕದ ವುಡ್ಸ್ ಹೋಲ್ ಸಾಗರವಿಜ್ಞಾನ ಸಂಸ್ಥೆಯ ಸಂಶೋಧಕರು ದಡದ ಮಾದರಿಗಳನ್ನು ಪರೀಕ್ಷಿಸಿದಾಗ, ಒಂದು ತುದಿಯಲ್ಲಿ ಮೂಲ ಬಿಳಿ ಬಣ್ಣದ ಕಾಳುಗಳೂ ಇನ್ನೊಂದು ತುದಿಯಲ್ಲಿ ಕರಗಿ ಮುದ್ದೆಯಾದ ಕರಿ ತುಣುಕುಗಳೂ ನಡುವೆ ಬಣ್ಣಗೆಟ್ಟ ಎಲ್ಲ ಹಂತಗಳೂ ಕಂಡುಬಂದವು. ಸುಟ್ಟ ತುಣುಕುಗಳ ರಾಸಾಯನಿಕ ರಚನೆ ಸುಡದವುಗಳಿಗಿಂತ ಸುಮಾರು ಮೂರು ಪಟ್ಟು ಸಂಕೀರ್ಣವಾಗಿತ್ತು, ಏಕೆಂದರೆ ದಹನದಲ್ಲಿ ಹುಟ್ಟಿದ ಸಂಯುಕ್ತಗಳು ಅವುಗಳಲ್ಲಿ ಸೇರಿಕೊಂಡಿದ್ದವು.

ಇದರಿಂದ ನಿರ್ವಹಣೆಯ ಲೆಕ್ಕವೇ ತಲೆಕೆಳಗಾಗುತ್ತದೆ. ಬಿಳಿ ಕಾಳನ್ನು ಹುಡುಕಲು ತರಬೇತಾದ ಕಣ್ಣು, ಮಣ್ಣಿನ ಬಣ್ಣದ ಮುದ್ದೆಯನ್ನು ಕಲ್ಲೆಂದೋ ಸೌದೆಯೆಂದೋ ಬಿಟ್ಟು ಮುಂದೆ ಹೋಗುತ್ತದೆ. ಐದು ಮಿಲಿಮೀಟರಿಗೆ ಹೊಂದಿಸಿದ ಜರಡಿಗೆ ಅದು ಸಿಕ್ಕರೂ, ಸುಟ್ಟ ಪ್ಲಾಸ್ಟಿಕ್ ಪೆಡಸಾಗಿರುವುದರಿಂದ ಕೈಯಲ್ಲಿ, ಜರಡಿಯಲ್ಲಿ, ಅಲೆಯಲ್ಲಿ ಪುಡಿಯಾಗಿ ಇನ್ನೂ ಸಣ್ಣ ಕಣಗಳಾಗಿ ಜಾರಿಹೋಗುತ್ತದೆ. ದಡದ ಮೇಲಿನ ಕಾಳುಗಳ ಎಣಿಕೆಯಿಂದ ಸ್ವಚ್ಛತೆಯನ್ನು ಅಳೆಯುವ ಯಾವ ವರದಿಯೂ ಆದ್ದರಿಂದ ಈ ಪ್ರಕರಣದಲ್ಲಿ ಹಾನಿಯನ್ನು ಕಡಿಮೆ ಮಾಡಿಯೇ ಹೇಳಿರುತ್ತದೆ ಎಂಬುದು ನನ್ನ ಅಭಿಪ್ರಾಯ.

ಜೀವಿಗಳ ವಿಷಯದಲ್ಲಿ ಎಚ್ಚರದಿಂದ ಮಾತಾಡಬೇಕಾಗುತ್ತದೆ. ಮೀನುಗಳ ಬಾಯಿ, ಕಿವಿರುಗಳಲ್ಲಿ ಕಾಳುಗಳು ಸಿಕ್ಕಿದ್ದವು. 417 ಆಮೆಗಳು, 48 ಡಾಲ್ಫಿನ್‌ಗಳು, 8 ತಿಮಿಂಗಿಲಗಳು ಸತ್ತ ಅಂಕಿ ಶ್ರೀಲಂಕಾದ ಸುಪ್ರೀಂ ಕೋರ್ಟಿನ ಮುಂದೆ ಬಂದಿತು. ಪ್ರತಿಯೊಂದು ಕಳೇಬರಕ್ಕೂ ಆಮ್ಲ, ಸ್ಫೋಟದ ಶಬ್ದ, ಶಾಖ, ಪ್ಲಾಸ್ಟಿಕ್ ಇವುಗಳಲ್ಲಿ ಯಾವುದು ಕಾರಣವೆಂದು ಬಿಡಿಸಿ ಹೇಳುವುದು ಕಷ್ಟ. ಮಳೆಗಾಲದಲ್ಲಿ ಸಹಜವಾಗಿಯೂ ಕೆಲವು ಕಳೇಬರಗಳು ದಡ ಸೇರುತ್ತವೆ. ಹಡಗಿನ ಪರ ವಕೀಲರಿಗೆ ಇಂಥ ಕಡೆಯೇ ಹಿಡಿತ ಸಿಗುವುದು. ದುರಂತಕ್ಕೆ ಮುಂಚಿನ ವರ್ಷಗಳಲ್ಲಿ ಅದೇ ದಡದ ಸ್ಥಿತಿ ಹೇಗಿತ್ತೆಂಬ ಕ್ರಮಬದ್ಧ ದಾಖಲೆ ಎಷ್ಟು ಗಟ್ಟಿಯಾಗಿದೆಯೋ ಹಾನಿಯ ವಾದವೂ ಅಷ್ಟೇ ಗಟ್ಟಿಯಾಗಿರುತ್ತದೆ.

ಮೀನುಗಾರರಿಗೆ ಇಷ್ಟು ಸೂಕ್ಷ್ಮ ಪುರಾವೆಯ ಅಗತ್ಯ ಬೀಳಲಿಲ್ಲ. ಸುಮಾರು 80 ಕಿಲೋಮೀಟರ್ ಕರಾವಳಿಯಲ್ಲಿ ಮೀನುಗಾರಿಕೆಯನ್ನು ನಿಷೇಧಿಸಲಾಯಿತು. ನಿಷೇಧ ಸಡಿಲವಾದ ಮೇಲೂ ಗ್ರಾಹಕರು ನೆಗೊಂಬೊ ಕಡೆಯ ಮೀನನ್ನು ಅನುಮಾನದಿಂದ ನೋಡಿದರು. ನೋಂದಾಯಿತ ದೋಣಿಯ ಮಾಲೀಕನಿಗೆ ಪರಿಹಾರದ ಪಟ್ಟಿಯಲ್ಲಿ ಹೆಸರು ಸಿಗುವುದು ಸುಲಭ. ಮೀನು ಒಣಗಿಸುವ, ಬುಟ್ಟಿ ಹೊತ್ತು ಮಾರುವ ಹೆಂಗಸರಿಗೆ ತಮ್ಮ ನಷ್ಟವನ್ನು ತೋರಿಸಲು ಯಾವ ಕಾಗದವೂ ಇರುವುದಿಲ್ಲ.

ಹೊಣೆಯ ಮಿತಿ

ಸಮುದ್ರ ವ್ಯಾಪಾರದ ಕಾನೂನಿನಲ್ಲಿ ಹಡಗಿನ ಮಾಲೀಕನು ತನ್ನ ಹೊಣೆಯನ್ನು ಹಡಗಿನ ಗಾತ್ರಕ್ಕೆ ತಕ್ಕ ಒಂದು ಮೊತ್ತಕ್ಕೆ ಮಿತಿಗೊಳಿಸಿಕೊಳ್ಳುವ ಹಳೆಯ ಹಕ್ಕಿದೆ. ಸಮುದ್ರಯಾನವೇ ಪ್ರಾಣದ ಹಂಗು ತೊರೆದ ಸಾಹಸವಾಗಿದ್ದ ಕಾಲದಲ್ಲಿ ಬಂಡವಾಳ ಹೂಡುವವರಿಗೆ ಧೈರ್ಯ ಕೊಡಲು ಹುಟ್ಟಿದ ಈ ಹಕ್ಕು, 1976ರ ಒಪ್ಪಂದದ ಮೂಲಕ ಇಂದಿಗೂ ಜೀವಂತವಾಗಿದೆ. ಆ ಒಪ್ಪಂದದ ಅಡಿಯಲ್ಲಿ 2023ರ ಜುಲೈನಲ್ಲಿ ಹಡಗು ವ್ಯಾಜ್ಯಗಳನ್ನು ವಿಚಾರಿಸುವ ಲಂಡನ್ನಿನ ಅಡ್ಮಿರಾಲ್ಟಿ ನ್ಯಾಯಾಲಯವು ಎಕ್ಸ್‌ಪ್ರೆಸ್ ಪರ್ಲ್ ಮಾಲೀಕರ ಹೊಣೆಯನ್ನು ಸುಮಾರು 1.9 ಕೋಟಿ ಪೌಂಡಿಗೆ ಮಿತಿಗೊಳಿಸಲು ಅವಕಾಶ ನೀಡಿತು. ಶ್ರೀಲಂಕಾದ ತಜ್ಞರ ಸಮಿತಿ ಅಂದಾಜಿಸಿದ್ದ ನಷ್ಟ 640 ಕೋಟಿ ಡಾಲರ್. ಈ ಎರಡು ಅಂಕಿಗಳ ನಡುವಿನ ಕಂದರವನ್ನು ಯಾವ ಚೌಕಾಶಿಯೂ ತುಂಬಲಾರದು. ತಜ್ಞರ ಅಂದಾಜು ಹಿಗ್ಗಿದ್ದಿರಬಹುದು ಎಂದು ಒಪ್ಪಿಕೊಂಡು ಅದನ್ನು ಹತ್ತನೆಯ ಒಂದು ಭಾಗಕ್ಕೆ ಇಳಿಸಿದರೂ ಆ ಮಿತಿ ಅದರ ಪಕ್ಕದಲ್ಲಿ ಚಿಲ್ಲರೆಯೇ.

2023ರ ಏಪ್ರಿಲ್‌ನಲ್ಲಿ ಶ್ರೀಲಂಕಾ ಸರ್ಕಾರವು ಸಿಂಗಪುರದಲ್ಲಿ ದಾವೆ ಹೂಡಿತು. ಇತ್ತ ಕೊಲಂಬೊದಲ್ಲಿ ಪರಿಸರ ನ್ಯಾಯ ಕೇಂದ್ರ ಎಂಬ ಸಂಸ್ಥೆ, ಕ್ಯಾಥೊಲಿಕ್ ಧರ್ಮಗುರು ಕಾರ್ಡಿನಲ್ ಮಾಲ್ಕಂ ರಂಜಿತ್, ಮೀನುಗಾರರು ಮೂಲಭೂತ ಹಕ್ಕುಗಳ ಅರ್ಜಿ ಹಾಕಿದ್ದರು. 2025ರ ಜುಲೈ 24ರಂದು ಸುಪ್ರೀಂ ಕೋರ್ಟು, ಮಲಿನ ಮಾಡಿದವನೇ ತೆರಬೇಕೆಂಬ ತತ್ತ್ವವನ್ನು ಆಧರಿಸಿ, ಹಡಗಿನ ಕಡೆಯವರು ಒಂದು ವರ್ಷದೊಳಗೆ 100 ಕೋಟಿ ಡಾಲರ್ ಪರಿಹಾರ ನೀಡಬೇಕೆಂದೂ ಅದರ ಮೊದಲ ಕಂತಾಗಿ 25 ಕೋಟಿ ಡಾಲರನ್ನು ಸೆಪ್ಟೆಂಬರ್ ಒಳಗೆ ಕಟ್ಟಬೇಕೆಂದೂ ಆದೇಶಿಸಿತು. ಶ್ರೀಲಂಕಾದ ಅಧಿಕಾರಿಗಳ ಲೋಪವನ್ನೂ ಅದು ಎತ್ತಿ ಹೇಳಿತು. ಸೆಪ್ಟೆಂಬರ್ ಬಂದಾಗ ಎಕ್ಸ್‌ಪ್ರೆಸ್ ಫೀಡರ್ಸ್ ಮುಖ್ಯಸ್ಥರು ಈ ಹಣ ಕಟ್ಟುವುದಿಲ್ಲವೆಂದರು. ಅವಶೇಷ ತೆಗೆಯಲು, ದಡ ಶುಚಿ ಮಾಡಲು, ಮೀನುಗಾರರಿಗೆ ಕೊಡಲು ಆಗಲೇ 17 ಕೋಟಿ ಡಾಲರ್ ವೆಚ್ಚವಾಗಿದೆ; ಇಂಥ ಮಿತಿಯಿಲ್ಲದ ಹೊಣೆಯನ್ನು ಒಪ್ಪಿದರೆ ಲೋಕದ ಸಮುದ್ರ ವ್ಯಾಪಾರಕ್ಕೇ ಅಪಾಯಕಾರಿ ಮೇಲ್ಪಂಕ್ತಿಯಾಗುತ್ತದೆ ಎಂಬುದು ಅವರ ವಾದ. ವಿಮೆಯ ದೃಷ್ಟಿಯಿಂದ ಆ ವಾದ ತೀರ ಹುಸಿಯಲ್ಲ. ಆದರೆ ಮಿತಿ ಎಂಬುದು ನಷ್ಟವನ್ನು ಇಲ್ಲವಾಗಿಸುವುದಿಲ್ಲ, ಮಾಲೀಕನ ಲೆಕ್ಕದಿಂದ ದಡದವರ ಲೆಕ್ಕಕ್ಕೆ ವರ್ಗಾಯಿಸುತ್ತದೆ ಅಷ್ಟೆ.

ದುರಂತದ ವರ್ಷವೇ ಶ್ರೀಲಂಕಾ ಐಎಂಒ ಮುಂದೆ ಪ್ಲಾಸ್ಟಿಕ್ ಕಾಳುಗಳನ್ನು ಅಪಾಯಕಾರಿ ಸರಕಿನ ವರ್ಗಕ್ಕೆ ಸೇರಿಸುವ ಪ್ರಸ್ತಾವ ಇಟ್ಟಿತು. ಸಮಿತಿಯಿಂದ ಸಮಿತಿಗೆ ತಿರುಗಿ 2024ರ ಮಾರ್ಚ್‌ನಲ್ಲಿ ಹೊರಬಂದದ್ದು ಒಂದು ಶಿಫಾರಸು ಪತ್ರ: ಕಾಳುಗಳನ್ನು ಗಟ್ಟಿಯಾದ, ಸೋರದ ಚೀಲಗಳಲ್ಲಿ ತುಂಬಬೇಕು, ಸಾಗಣೆ ದಾಖಲೆಯಲ್ಲಿ ಸ್ಪಷ್ಟವಾಗಿ ನಮೂದಿಸಬೇಕು, ಸಾಧ್ಯವಾದಲ್ಲೆಲ್ಲ ಕಂಟೇನರನ್ನು ಹಡಗಿನ ಅಟ್ಟದ (ಡೆಕ್) ಕೆಳಗೆ, ಇಲ್ಲವೇ ಅಟ್ಟದ ಮೇಲೆ ಅಲೆ ತಾಗದ ಒಳಗಿನ ಸಾಲಿನಲ್ಲಿ ಇಡಬೇಕು. ಮೂರೂ ಸರಿಯಾದ ಮಾತುಗಳೇ, ಖರ್ಚೂ ಹೆಚ್ಚಲ್ಲ. ಆದರೆ ಇದು ಐಚ್ಛಿಕ. ಎಕ್ಸ್‌ಪ್ರೆಸ್ ಪರ್ಲ್ ಮಟ್ಟಿಗೆ ಹೇಳುವುದಾದರೆ, ಇಡೀ ಹಡಗೇ ಉರಿದಾಗ ಕಂಟೇನರ್ ಯಾವ ಸಾಲಿನಲ್ಲಿತ್ತೆಂಬುದು ದೊಡ್ಡ ವ್ಯತ್ಯಾಸ ಮಾಡುತ್ತಿರಲಿಲ್ಲ. ಕಾಳು ಎಲ್ಲಿದೆ, ಎಷ್ಟಿದೆ ಎಂಬುದು ಮೊದಲ ದಿನವೇ ತಿಳಿದಿದ್ದರೆ ನೆಗೊಂಬೊ ಹಿನ್ನೀರಿನ ಬಾಯಿಗೆ ಬಲೆ ಕಟ್ಟಲು ಇನ್ನಷ್ಟು ಸಮಯ ಸಿಗುತ್ತಿತ್ತು.

ನಮ್ಮ ಕಡಲಿನತ್ತ

ಈ ಪ್ರಕರಣದ ಪಾಠ ಭಾರತದ ದಡಕ್ಕೆ ಎಷ್ಟು ತಲುಪಿದೆ ಎಂಬುದಕ್ಕೆ 2025ರ ಮೇ 25ರಂದು ಒಂದು ಪರೀಕ್ಷೆ ಎದುರಾಯಿತು. ವಿಳಿಂಞಂನಿಂದ ಕೊಚ್ಚಿಗೆ ಹೊರಟಿದ್ದ ಎಂಎಸ್‌ಸಿ ಎಲ್ಸಾ 3 ಎಂಬ ಲೈಬೀರಿಯಾ ಧ್ವಜದ ಹಡಗು 640 ಕಂಟೇನರ್‌ಗಳೊಂದಿಗೆ ಕೇರಳದ ಕರಾವಳಿಯಾಚೆ ಮುಳುಗಿತು. ಮೊದಲ ಅಧಿಕೃತ ಪ್ರಕಟಣೆಗಳು ಅಪಾಯಕಾರಿ ಸರಕಿದ್ದ 13 ಕಂಟೇನರ್‌ಗಳನ್ನು, ಕ್ಯಾಲ್ಸಿಯಂ ಕಾರ್ಬೈಡ್ ಇದ್ದ 12 ಕಂಟೇನರ್‌ಗಳನ್ನು, ಟ್ಯಾಂಕಿನ ತೈಲವನ್ನು ಲೆಕ್ಕ ಹಾಕಿ ಹೇಳಿದವು. ಕೆಲವೇ ದಿನಗಳಲ್ಲಿ ತಿರುವನಂತಪುರದ ದಡಗಳನ್ನು ಮುಚ್ಚಿದ್ದು ಆ ಯಾವ ಲೆಕ್ಕದಲ್ಲಿಯೂ ಇಲ್ಲದ ಪ್ಲಾಸ್ಟಿಕ್ ಕಾಳು. ಕೊಲಂಬೊದಲ್ಲಿ ನಡೆದದ್ದೇ ಅದೇ ಕ್ರಮದಲ್ಲಿ ಮರುಕಳಿಸಿತು. ಕಾಳುಗಳು ತಮಿಳುನಾಡಿನ ಧನುಷ್ಕೋಡಿಯವರೆಗೂ ಸಾಗಿ, ಶ್ರೀಲಂಕಾದ ವಾಯವ್ಯ ದಡದಲ್ಲಿಯೂ ಕಾಣಿಸಿಕೊಂಡವು. ಕೇರಳ ಸರ್ಕಾರ ಹೈಕೋರ್ಟಿನಲ್ಲಿ 9,531 ಕೋಟಿ ರೂಪಾಯಿ ಪರಿಹಾರ ಕೋರಿತು. ಅದೇ ಕಂಪನಿಯ ಇನ್ನೊಂದು ಹಡಗನ್ನು ವಿಳಿಂಞಂನಲ್ಲಿ ತಡೆಹಿಡಿಯುವ ಆದೇಶವಾಯಿತು. ಬಿಡುಗಡೆಗೆ ನ್ಯಾಯಾಲಯ ನಿಗದಿಪಡಿಸಿದ ಭದ್ರತೆ ಸುಮಾರು 1,227 ಕೋಟಿ ರೂಪಾಯಿ. ಹಡಗು ಕೈಯಲ್ಲಿದ್ದಾಗಲೇ ಭದ್ರತೆ ಕೇಳಿದ ಈ ನಡೆ, ಮುಳುಗಿದ ಹಡಗಿನ ಹಿಂದೆ ಲಂಡನ್, ಸಿಂಗಪುರ ಎಂದು ಅಲೆದ ಶ್ರೀಲಂಕಾದ ಅನುಭವಕ್ಕಿಂತ ಚುರುಕಾದುದು.

ಕರ್ನಾಟಕದ ದಡಕ್ಕೆ ಈ ಕಾಳುಗಳು ಬರಲಿಲ್ಲವೆಂದರೆ ಅದಕ್ಕೆ ಕಾರಣ ಸಿದ್ಧತೆಯಲ್ಲ, ಪ್ರವಾಹ. ನೈಋತ್ಯ ಮಾರುತದ ತಿಂಗಳುಗಳಲ್ಲಿ ಪಶ್ಚಿಮ ಕರಾವಳಿಯ ಪ್ರವಾಹ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ. ಆಲಪ್ಪುಳದಾಚೆ ಚೆಲ್ಲಿದ್ದು ಕನ್ಯಾಕುಮಾರಿಯತ್ತ ಹೋಯಿತು. ಅದೇ ಹಡಗು ಅದೇ ತಿಂಗಳಲ್ಲಿ ಗೋವಾ ಅಥವಾ ರತ್ನಾಗಿರಿಯ ಆಚೆ ಮುಳುಗಿದ್ದರೆ ಕಾರವಾರದಿಂದ ಉಳ್ಳಾಲದವರೆಗಿನ ದಡ ಅದರ ದಾರಿಯಲ್ಲಿರುತ್ತಿತ್ತು. ಮಂಗಳೂರಿನ ಎಂಆರ್‌ಪಿಎಲ್ ಪಾಲಿಪ್ರೊಪಿಲೀನ್ ಕಾಳುಗಳನ್ನು ಸ್ವತಃ ತಯಾರಿಸುತ್ತದೆ, ಪಕ್ಕದಲ್ಲೇ ನವಮಂಗಳೂರು ಬಂದರಿದೆ. ಕಾಳಿನ ವ್ಯಾಪಾರ ನಮಗೆ ದೂರದ ಸಂಗತಿಯಲ್ಲ.

ಹೊನ್ನಾವರದ ಕಾಸರಕೋಡಿನಲ್ಲಿ ಕಡಲಾಮೆಗಳು ಮೊಟ್ಟೆಯಿಡುವ ದಡದ ಮರಳಿನ ಒಂದು ಚದರ ಮೀಟರಿನಲ್ಲಿ ಈಗ ಎಷ್ಟು ಪ್ಲಾಸ್ಟಿಕ್ ಕಾಳುಗಳಿವೆ ಎಂಬುದನ್ನು ಪ್ರತಿ ಮಳೆಗಾಲದ ಮುಂಚೆ ಮತ್ತು ನಂತರ ಒಂದೇ ವಿಧಾನದಲ್ಲಿ ಎಣಿಸಿ ದಾಖಲಿಸುವುದಕ್ಕೆ ಜರಡಿ, ಬಕೆಟ್ಟು, ಅಳತೆಯ ಚೌಕಟ್ಟು ಸಾಕು. ಕರಾವಳಿಯ ಕಾಲೇಜುಗಳ ವಿದ್ಯಾರ್ಥಿಗಳು ಮಾಡಬಲ್ಲ ಕೆಲಸವಿದು. ಕೊಲಂಬೊದ ಮೊಕದ್ದಮೆಯಲ್ಲಿ ವಾದಿಗಳು ವರ್ಷಗಟ್ಟಲೆ ಹೋರಾಡಬೇಕಾದದ್ದು ಹಾನಿ ಆಗಿದೆ ಎಂಬುದನ್ನು ತೋರಿಸಲು ಮಾತ್ರವಲ್ಲ, ಅದು ಈ ಹಡಗಿನಿಂದಲೇ ಆಯಿತು, ಇಷ್ಟೇ ಆಯಿತು ಎಂದು ತೋರಿಸಲು. ಆ ಲೆಕ್ಕಕ್ಕೆ ಬೇಕಾದ ಮೊದಲ ಅಂಕಿಯನ್ನು ಹಡಗು ಮುಳುಗುವ ಮೊದಲೇ ಬರೆದಿಡಬೇಕಾಗುತ್ತದೆ.